ಅರ್ಧಕ್ಕೆ ನಿಂತ ಗಾಡಿ ಮಾರುವವರಿಗೆ ಒಂದು ಮಾತು

ಸಂಪಾದಕರೇ,

ಎಂಜಿನ್ ಬದಲಿಸಿ ಅರ್ಧಕ್ಕೆ ಬಿಟ್ಟ ಪಿಕಪ್ ಮಾರುವವರು ಸುಮ್ನೆ 'ಸ್ವಲ್ಪ ಕೆಲಸ ಬಾಕಿ' ಅಂತ ಬರೆಯಬೇಡಿ. ನಾನು ಅಂಥದ್ದೊಂದು ಕೊಂಡೆ. ಹಳೇ ಷೆವರ್ಲೆ ಸಿ10, ಒಳಗೆ ಜನರಲ್ ಮೋಟಾರ್ಸ್‌ನ ಎಲ್‌ಎಸ್ ಅನ್ನೋ ವಿ8, ಅಂದ್ರೆ ಎಂಟು ಸಿಲಿಂಡರಿನ ಎಂಜಿನ್. ಎಂಜಿನ್ ಮೌಂಟ್ ಮೇಲೆ ಚೆನ್ನಾಗಿಯೇ ಕೂತಿತ್ತು, ಆದರೆ ವೈರಿಂಗನ್ನು ಬಿಚ್ಚಿ ಸೀಟಿನ ಹಿಂದೆ ಚೀಲದಲ್ಲಿ ತುರುಕಿದ್ದರು, ಒಂದು ವೈರಿಗೂ ಗುರುತಿನ ಚೀಟಿ ಇರಲಿಲ್ಲ. ಎಲ್‌ಎಸ್ ಬಂದಿದ್ದು 1997ರಲ್ಲಿ. ಕಾರ್ಬ್ಯುರೇಟರ್ ಕಾಲದ ಗಾಡಿಗೆ ಅದನ್ನು ಫ್ಯೂಯೆಲ್ ಇಂಜೆಕ್ಷನ್ ಸಮೇತ ಹಾಕಿದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬೇಕು, ಜಾಸ್ತಿ ಒತ್ತಡದ ಫ್ಯೂಯೆಲ್ ಪಂಪ್ ಬೇಕು, ಗೇರ್‌ಬಾಕ್ಸ್ ಬದಲಾದರೆ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಉದ್ದವನ್ನೂ ಮತ್ತೆ ಅಳೆಯಬೇಕು. ತಿಂಗಳುಗಟ್ಟಲೆ ಹಿಡಿಯುವುದು ಇವೇ ಅಲ್ವಾ? ಏನು ಮುಗಿದಿದೆ, ಏನು ಉಳಿದಿದೆ, ಕಾಗದದಲ್ಲಿ ಯಾವ ಎಂಜಿನ್ ನಂಬರ್ ಇದೆ ಅಂತ ಬರೆಯಿರಿ, ಬಿಚ್ಚಿಟ್ಟ ಬೋಲ್ಟುಗಳ ಡಬ್ಬಿಯನ್ನೂ ಮರೆಯದೆ ಕೊಡಿ.

ಒಬ್ಬ ಓದುಗ