ದೊಡ್ಡಮ್ಮನ ಹನ್ನೊಂದು ನಾಯಿಗಳು, ಹಾಲಿನ ಬೂತಿನ ಅಕ್ಕ

ಭಾನುವಾರ ಬೆಳಗ್ಗೆ ಕರಿಯ ಹಾಸನಕ್ಕೆ ಹೊರಟ. ದೊಡ್ಡಮ್ಮ ಬಿಟ್ಟುಹೋದ ಹನ್ನೊಂದು ನಾಯಿಗಳಲ್ಲಿ ಮನೆ ಸಿಗದೆ ಉಳಿದಿದ್ದವನು ಅವನೊಬ್ಬನೇ. ಕಾರಿನ ಹಿಂದಿನ ಸೀಟಿನಲ್ಲಿ ದೊಡ್ಡಮ್ಮನ ಹಸಿರು ಸೀರೆಯ ತುಂಡು ಹಾಸಿದ್ದೆ. ಅದನ್ನು ಮೂಸಿ, ಎರಡು ಸುತ್ತು ಸುತ್ತಿ, ಮುದುಡಿ ಮಲಗಿದ. ಅವನಿಗೆ ಕಿವಿ ಕೇಳಿಸುವುದಿಲ್ಲ, ಹಾಗಾಗಿ ನಾನು ಕೂಗಿದ್ದು ಗೊತ್ತಾಗಿರಲಿಕ್ಕಿಲ್ಲ. ಗೇಟು ಹಾಕಿ ಒಳಗೆ ಬಂದರೆ ನೆಲದ ಮೇಲೆ ಉಗುರಿನ ಸದ್ದಿಲ್ಲ. ಎಂಟು ತಿಂಗಳಿಂದ ಆ ಸದ್ದು ಒಂದು ದಿನ ನಿಂತರೆ ಸಾಕು ಅಂದುಕೊಳ್ಳುತ್ತಿದ್ದವಳು ನಾನು. ಅಡುಗೆಮನೆ ಕಟ್ಟೆಗೆ ಒರಗಿ ಬಹಳ ಹೊತ್ತು ನಿಂತಿದ್ದು, ಆಮೇಲೆ ಇದನ್ನು ಬರೆಯಲು ಕೂತೆ.

ದೊಡ್ಡಮ್ಮನ ಕಾಯಿಲೆ, ಆಸ್ಪತ್ರೆ, ಬಾಡಿಗೆ ಮನೆಯ ಮಾತುಕತೆ ಎಲ್ಲ ನಿಮಗೆ ಗೊತ್ತಿರುವುದೇ, ಮತ್ತೆ ಹೇಳುವುದಿಲ್ಲ. ಗೊತ್ತಿಲ್ಲದವರಿಗೆ ಇಷ್ಟು ಸಾಕು: ದೊಡ್ಡಮ್ಮ ತೀರಿಕೊಂಡರು, ಬಾಡಿಗೆ ಮನೆ ಖಾಲಿ ಮಾಡುವುದರೊಳಗೆ ನಾಯಿಗಳಿಗೆಲ್ಲ ಮನೆ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಮೈಸೂರಿನ ಸರಸ್ವತಿಪುರದ ಆ ಮನೆಯಲ್ಲಿದ್ದ ನಾಯಿಗಳಲ್ಲಿ ಎಂಟು ವರ್ಷಕ್ಕಿಂತ ಚಿಕ್ಕದು ಒಂದೂ ಇರಲಿಲ್ಲ. ಆರು ಬೀದಿಯವು, ಎರಡು ಲ್ಯಾಬ್ರಡಾರ್, ಒಂದು ಪಾಮೇರಿಯನ್, ಒಂದು ಜರ್ಮನ್ ಶೆಫರ್ಡ್, ಮತ್ತೆ ಎಲುಬೇ ಮೈಯಾದ ಒಂದು ಮುಧೋಳ. ರಾಣಿ ಅನ್ನುವ ಲ್ಯಾಬ್ರಡಾರ್ ಸಿಕ್ಕಿದ್ದು ರಿಂಗ್ ರಸ್ತೆಯ ಪಕ್ಕ. ಮರಿ ಮಾರುವವರು ಅವಳಿಂದ ಮರಿ ಹಾಕಿಸಿ ಹಾಕಿಸಿ, ಇನ್ನು ಆಗುವುದಿಲ್ಲ ಅಂತ ತಿಳಿದ ಮೇಲೆ ಇಳಿಸಿ ಹೋಗಿದ್ದರು. ಸಾಕಿದ ಪ್ರಾಣಿಯನ್ನು ಹೀಗೆ ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ದಂಡ 10ರಿಂದ 50 ರೂಪಾಯಿ. ಅವಳ ಒಂದು ದಿನದ ಮಾತ್ರೆಗೆ ಅದಕ್ಕಿಂತ ಹೆಚ್ಚು ಆಗುತ್ತಿತ್ತು.

ಕೈಹಿಡಿದವರು ತುಂಬ ಜನ. ಎಷ್ಟೋ ಸಲ ಫೀಸು ಬೇಡ ಅಂದ ಪಶುವೈದ್ಯರು, ನಾಯಿ ಹತ್ತಿಸಿಕೊಳ್ಳಲು ಎಂದೂ ಮುಖ ಸಿಂಡರಿಸದ ಆಟೋ ಅಣ್ಣ, ದಿನವೂ ಕೋಳಿಯ ಕತ್ತು ಎತ್ತಿಟ್ಟ ಅಂಗಡಿಯವರು, ಫೋಟೋ ತೆಗೆದ ಹುಡುಗರು, ಅಕ್ಕಿ ರಾಗಿ ತಂದುಕೊಟ್ಟ ಬೀದಿಯ ಮನೆಗಳವರು, ಆರು ತಿಂಗಳ ವಾಯಿದೆಯನ್ನು ಎಂಟಕ್ಕೆ ಏರಿಸಿದ ಮನೆ ಮಾಲೀಕರು, ನಿಮಗೆಲ್ಲ ಕೈಮುಗಿದು ಧನ್ಯವಾದ.

ಒಬ್ಬ ಹುಡುಗನಿಗೆ ಮಾತ್ರ ಬೇರೆಯಾಗಿ ಹೇಳಬೇಕು. ನಾಯಿಗಳಿಗೆ ಮನೆ ಬೇಕು ಅಂತ ಹಾಕಿದ ಜಾಹೀರಾತಿನಲ್ಲಿ ಶುರುವಿನಲ್ಲಿ ನಾನು ಸುಳ್ಳು ಬರೆದಿದ್ದೆ. ಹತ್ತು ವರ್ಷದ ಬ್ರೌನಿಗೆ 'ಸುಮಾರು 6 ವರ್ಷ' ಅಂತ ಹಾಕಿದ್ದೆ. ನಿಜ ಹೇಳಿದರೆ ಫೋನೇ ಬರುವುದಿಲ್ಲ ಅನ್ನುವ ಭಯ. ಅವನನ್ನು ಕರೆದುಕೊಂಡು ಹೋದವರು ಒಂಬತ್ತನೇ ದಿನ ವಾಪಸ್ ತಂದರು. ಮೆಟ್ಟಿಲು ಹತ್ತಲಾಗದೆ ಹಿಂದಿನ ಕಾಲು ನಡುಗುತ್ತಿತ್ತಂತೆ. ಆ ಮನೆಯ ಹುಡುಗ ಬೈಯಲಿಲ್ಲ. "ಮೇಡಂ, ಮೊದಲೇ ಹೇಳಿದ್ದರೆ ನಾವು ಮನಸ್ಸು ಗಟ್ಟಿ ಮಾಡಿಕೊಳ್ತಿದ್ವಿ" ಅಂದ. ಆ ಒಂದು ಮಾತಿಗೆ ನಾನು ಅವನಿಗೆ ಋಣಿ. ಅವತ್ತು ರಾತ್ರಿ ಎಲ್ಲವನ್ನೂ ಅಳಿಸಿ ಹೊಸದಾಗಿ ಬರೆದೆ. 'ರಾಣಿ, 11 ವರ್ಷ. ರಾತ್ರಿ ಎರಡು ಗಂಟೆಗೆ ಒಮ್ಮೆ ಹೊರಗೆ ಬಿಡಬೇಕು, ತಪ್ಪಿದರೆ ಒಳಗೇ ಆಗುತ್ತೆ. ಗುಡುಗಿಗೆ ಹೆದರುತ್ತಾಳೆ. ರಾಗಿ ಅಂಬಲಿ ಅಂದರೆ ಪ್ರಾಣ.' ಕಣ್ಣು ನೀಲಿಗಟ್ಟಿದ್ದ ನಾಯಿಗಳ ಬಗ್ಗೆ ಡಾಕ್ಟರು ಹೇಳಿದ್ದನ್ನೂ ಸೇರಿಸಿದೆ: ಅದು ಪೊರೆಯಲ್ಲ, ವಯಸ್ಸಿಗೆ ಕಣ್ಣಿನ ಮಸೂರ ಗಟ್ಟಿಯಾಗಿ ಹಾಗೆ ಕಾಣುತ್ತೆ, ದೃಷ್ಟಿ ಹೋಗಿರುವುದಿಲ್ಲ.

ಫೋನುಗಳು ಕಡಿಮೆಯಾದವು. ಆದರೆ ಬಂದವರು ಬಂದೇಬಿಟ್ಟರು. ಬ್ರೌನಿಯನ್ನು ನೋಡಲು ಬಂದ ನಿವೃತ್ತ ಮೇಷ್ಟ್ರು ದಂಪತಿ ಹೊಸಿಲಲ್ಲೇ ಹೇಳಿದರು: "ಮರಿ ತಂದರೆ ಅದು ಇನ್ನೂ ಹದಿನಾಲ್ಕು ವರ್ಷ ಬದುಕುತ್ತೆ, ನಾವಿರ್ತೀವೋ ಇಲ್ಲವೋ. ಇವನ ವಯಸ್ಸು ನಮಗೆ ಹೊಂದುತ್ತೆ." ಮೆಟ್ಟಿಲಿಲ್ಲದ ಮನೆ ಅವರದು. ಮುಧೋಳವನ್ನು ಕರೆದುಕೊಂಡು ಹೋದ ಧಾರವಾಡದವರು ಹತ್ತಿ ಹಾಸಿಗೆಯನ್ನು ಜೊತೆಗೇ ತಂದಿದ್ದರು. ಮೈಯಲ್ಲಿ ಮಾಂಸವಿಲ್ಲದ ಜಾತಿ, ಬರಿ ನೆಲದ ಮೇಲೆ ಮಲಗಿದರೆ ಮೊಣಕೈ ಜಡ್ಡುಗಟ್ಟುತ್ತೆ ಅಂತ ಅವರಿಗೆ ನಾನು ಹೇಳಬೇಕಾಗಿ ಬರಲಿಲ್ಲ. ನಿಮ್ಮಂಥ ಹತ್ತು ಮನೆಯವರ ಮುಂದೆ ನನಗೆ ಮಾತು ಬರುವುದಿಲ್ಲ. ಎರಡು ವರ್ಷವೋ, ಒಂದೇ ವರ್ಷವೋ, ಕೊನೆಗೆ ಮಣ್ಣು ಮಾಡುವ ಕೆಲಸವೂ ನಿಮ್ಮ ಪಾಲಿಗೇ ಬರುತ್ತದೆ. ಅದು ಗೊತ್ತಿದ್ದೇ ಒಪ್ಪಿಕೊಂಡಿರಿ.

ಹತ್ತು ಮನೆ ಅಂದೆ. ಹನ್ನೊಂದನೆಯದು ಗುಂಡ. ಅವನಿಗೆ ಮನೆ ಸಿಗಲಿಲ್ಲ, ಸಿಗುವಷ್ಟು ದಿನ ಅವನು ಇರಲಿಲ್ಲ.

ಇಲ್ಲಿ ನಾನು ಹೇಳಬೇಕಾದ್ದು ನಮ್ಮ ಬೀದಿಯ ಕೊನೆಯ ನಂದಿನಿ ಬೂತಿನ ಅಕ್ಕನ ಬಗ್ಗೆ. ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ. ದೊಡ್ಡಮ್ಮನಿಗೂ ಅವರಿಗೂ ಇಪ್ಪತ್ತು ವರ್ಷದ ಪರಿಚಯ ಅಂದರೆ ದಿನಾ ಎರಡು ಲೀಟರ್ ಹಾಲು, ಮೇಲೊಂದು ಮಾತು, ಅಷ್ಟೇ. ಆಷಾಢದ ಆ ಮಳೆಯ ರಾತ್ರಿ ಒಂಬತ್ತೂವರೆಗೆ ಡಾಕ್ಟರು ಗುಂಡನನ್ನು ನೋಡಿ, ಬೆಳಗಿನವರೆಗೆ ಕಷ್ಟ, ಈಗಲೇ ಇಂಜೆಕ್ಷನ್ ಕೊಟ್ಟು ಕಳಿಸಿಕೊಡೋಣ ಅಥವಾ ಕಾಯೋಣ, ನೀವು ಹೇಳಿ ಅಂದರು. ನನ್ನ ಬಾಯಿಂದ ಎರಡೂ ಬರಲಿಲ್ಲ. ಬೆಚ್ಚಗಿಡಿ, ಡ್ರಿಪ್ ನಡೆಯಲಿ, ಆರಕ್ಕೆ ಬರುತ್ತೇನೆ ಅಂತ ಹೊರಟರು. ಕರೆಂಟು ಹೋಯಿತು. ಗೇಟಿನ ಸದ್ದಾಯಿತು. ಡಾಕ್ಟರ ಗಾಡಿ ನೋಡಿ ಬಂದೆ ಅಂತ ಅಕ್ಕ ನೆನೆದ ಸೆರಗು ಹಿಂಡುತ್ತಾ ಒಳಗೆ ಬಂದರು.

ಅವರು ಏನು ಮಾಡಿದರು ಅಂತ ಒಂದೊಂದಾಗಿ ಹೇಳುತ್ತೇನೆ, ಯಾಕೆಂದರೆ ಅವತ್ತು ನಾನು ಕೂತಲ್ಲೇ ಕೂತು ನೋಡಿದ್ದು ಅದನ್ನೇ. ನಾನು ಕೈಯಲ್ಲಿ ಎತ್ತಿ ಹಿಡಿದಿದ್ದ ಡ್ರಿಪ್ ಬಾಟಲಿಯನ್ನು ತೆಗೆದು ಕಿಟಕಿಯ ಸರಳಿಗೆ ಕಟ್ಟಿದರು. ನೀರು ಕಾಯಿಸಿ, ಜ್ಯೂಸಿನ ಖಾಲಿ ಬಾಟಲಿಗಳಿಗೆ ತುಂಬಿ, ಸೀರೆಯಲ್ಲಿ ಸುತ್ತಿ ಗುಂಡನ ಹೊಟ್ಟೆಗೂ ಬೆನ್ನಿಗೂ ಒತ್ತಿಟ್ಟರು. ಗಂಟೆಗೊಮ್ಮೆ ಅವನ ಮಗ್ಗುಲು ಬದಲಿಸಿದರು. ಒದ್ದೆ ಬಟ್ಟೆಯಲ್ಲಿ ಒಸಡು ಸವರಿದರು. "ನೀ ಮಲಿಕ್ಕೋ ಹೋಗವ್ವ, ನಾನ್ ನೋಡ್ಕತೀನಿ" ಅಂದರು. ನಾನು ಹೋಗಲಿಲ್ಲ.

ರಾತ್ರಿ ಒಂದೂವರೆ ಇರಬಹುದು. ನಾನು ದೊಡ್ಡಮ್ಮನನ್ನು ಬೈಯಲು ಶುರು ಮಾಡಿದೆ. ಗೋಡೆಯ ಮೇಲಿದ್ದ ಫೋಟೋ ನೋಡಿಕೊಂಡು, ಯಾರನ್ನು ಕೇಳಿ ಇಷ್ಟು ಜೀವ ಕೂಡಿಹಾಕಿದೆ, ನೀನು ಹೋದೆ, ಇವು ಸಾಯುವುದನ್ನು ನೋಡಲು ನನ್ನನ್ನು ಯಾಕೆ ಬಿಟ್ಟೆ ಅಂತ. ಬಾಯಿಗೆ ಬಂದದ್ದೆಲ್ಲ ಅಂದೆ. ಸತ್ತವರನ್ನು ಹಾಗೆ ಬೈದದ್ದು ಬದುಕಿನಲ್ಲಿ ಅದೊಂದೇ ಸಲ. ಅಕ್ಕ ತಡೆಯಲಿಲ್ಲ. ನಾನು ಸುಸ್ತಾಗಿ ಸುಮ್ಮನಾದ ಮೇಲೆ, "ಬಯ್ಕೋ. ಅವ್ರುನ್ ಬಯ್ಯಕ್ಕೆ ನಿನ್ ಬುಟ್ರೆ ಇನ್ಯಾರವ್ರೆ" ಅಂದರು.

ಆಮೇಲೆ ತಮ್ಮೂರ ಕಡೆಯದು ಹೇಳಿದರು. ಮದ್ದೂರಿನವರು ಅವರು. ಆ ಸೀಮೆಯ ಆತಕೂರಿನಲ್ಲಿ ಹಂದಿಯ ಜೊತೆ ಕಾದಾಡಿ ಸತ್ತ ನಾಯಿಗೆ ಕಲ್ಲು ನಿಲ್ಲಿಸಿದ್ದರಂತೆ, ನಾಯಿ, ಹಂದಿ ಎರಡನ್ನೂ ಅದರಲ್ಲಿ ಕೆತ್ತಿದ್ದಾರಂತೆ. ಅವರಿಗೆ ಗೊತ್ತಿದ್ದದ್ದು ಅಷ್ಟು. ಮಿಕ್ಕದ್ದನ್ನು ನಾನು ಆಮೇಲೆ ಓದಿಕೊಂಡೆ. ಕ್ರಿ.ಶ. 949ರ ಹೊತ್ತಿನ ಶಾಸನ. ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ ಅನ್ನುವ ವೀರನಿಗೆ ಅವನ ಒಡೆಯ, ಗಂಗರ ದೊರೆ ಬೂತುಗ, ಏನು ಬೇಕೋ ಕೇಳು ಅಂದಾಗ ಅವನು ಕೇಳಿ ಪಡೆದದ್ದು ಕಾಳಿ ಅನ್ನುವ ನಾಯಿಯನ್ನು. ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಅಲ್ಲಿಯ ಪೂಜಾರಿ ಉಣ್ಣಬಾರದು ಅಂತ ಬರೆಸಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಆದರೆ ಅವತ್ತು, ಆ ಕತ್ತಲಲ್ಲಿ, ನನಗೆ ಇದ್ಯಾವುದೂ ಬೇಕಿರಲಿಲ್ಲ. ನಾಯಿಗೆ ಅಳುವುದು ನನ್ನ ಹುಚ್ಚಲ್ಲ, ನಮ್ಮ ಸೀಮೆಯಲ್ಲಿ ಹಿಂದೆಯೂ ಜನ ಅತ್ತಿದ್ದರು ಅಂತ ಗೊತ್ತಾದದ್ದೇ ಸಾಕಾಗಿತ್ತು.

ನಾಲ್ಕು ಗಂಟೆ ಕಳೆದ ಮೇಲೆ ಗುಂಡನ ಉಸಿರು ನಿಧಾನವಾಯಿತು. ಅಕ್ಕ ನನ್ನ ಕೈಯನ್ನು ಹಿಡಿದು ಅವನ ಕಿವಿಯ ಹಿಂದೆ, ಅವನಿಗೆ ಇಷ್ಟವಾದ ಜಾಗದಲ್ಲಿ ಇಟ್ಟರು. ಅವರಿಗೆ ಆ ಜಾಗ ಹೇಗೆ ಗೊತ್ತಿತ್ತೋ. ಅವನು ಅಲ್ಲೇ ಹೋದ.

ದಿನಾ ಐದಕ್ಕೆ ತೆರೆಯುವ ಬೂತು ಅವತ್ತು ಏಳಾದರೂ ತೆರೆಯಲಿಲ್ಲ. ಮಾಲೀಕರ ಒಪ್ಪಿಗೆ ಪಡೆದು ಹಿತ್ತಲಿನ ಸೀಬೆ ಗಿಡದ ಪಕ್ಕ ಗುಂಡಿ ತೋಡಿದ್ದು ಅಕ್ಕ ಮತ್ತು ಅವರ ಮಗ. ಮಣ್ಣು ಮುಚ್ಚುವ ಮೊದಲು ದೊಡ್ಡಮ್ಮನ ಒಂದು ಹಳೇ ಕಾಟನ್ ಸೀರೆ ಕೇಳಿ ಇಸಿದುಕೊಂಡು, ಒಂದು ತುಂಡು ಹರಿದು ಗುಂಡನಿಗೆ ಹೊದಿಸಿದರು. ಉಳಿದದ್ದನ್ನು ನನ್ನ ಕೈಗೆ ಕೊಟ್ಟು, "ಇದ್ನ ಒಗೀಬ್ಯಾಡ. ಹೋಗೋ ನಾಯಿಗೆಲ್ಲ ಒಂದೊಂದು ತುಂಡು ಹಾಕಿ ಕಳ್ಸು, ವಾಸ್ನೆ ಇರ್ತದೆ" ಅಂದರು. ಹೊಸ ಮನೆಗೆ ಹೋದ ಮುದಿ ನಾಯಿ ಎರಡು ಮೂರು ದಿನ ಬಾಗಿಲು ನೋಡುತ್ತಾ ಕೂರುತ್ತೆ, ತಟ್ಟೆ ಮುಟ್ಟುವುದಿಲ್ಲ. ಆ ಎರಡು ದಿನ ದಾಟಿಸಿದ್ದು ಆ ತುಂಡು ಬಟ್ಟೆ ಅಂತ ಒಂದಲ್ಲ ನಾಲ್ಕು ಮನೆಯವರು ನನಗೆ ಹೇಳಿದ್ದಾರೆ. ಅಕ್ಕ, ಆ ರಾತ್ರಿ ನೀವು ಬರದಿದ್ದರೆ ಮರುದಿನ ನಾನು ಮಿಕ್ಕವನ್ನು ಎಲ್ಲಿಗೆ ಬಿಟ್ಟುಬರುತ್ತಿದ್ದೆನೋ ನನಗೇ ಗೊತ್ತಿಲ್ಲ. ಇದನ್ನು ನಿಮ್ಮೆದುರು ಹೇಳಲು ಬಾಯಿ ಬಂದಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ. ನಿಮ್ಮ ಮಗ ಓದಿ ಹೇಳಲಿ.

ಭಾನುವಾರ ಬರೆಯಲು ಕೂತವಳು ಮುಗಿಸುತ್ತಿರುವುದು ಬುಧವಾರ. ಬೇಕೆಂದೇ ಕಾದೆ. ಇವತ್ತು ಬೆಳಗ್ಗೆ ಆರೂವರೆಗೆ ಹಾಸನದಿಂದ ಮೆಸೇಜು ಬಂತು, ತಟ್ಟೆಯ ಫೋಟೋ ಜೊತೆಗೆ: 'ಸೀರೆ ಮೇಲೆ ಕೂತ್ಕೊಂಡೇ ಅಂಬಲಿ ಪೂರ್ತಿ ಕುಡಿದ.' ಚಪ್ಪಲಿ ಮೆಟ್ಟಿಕೊಂಡು ಬೂತಿಗೆ ಓಡಿದೆ. ಅಕ್ಕ ನನ್ನನ್ನು ನೋಡಿದವರೇ "ಉಂಡ್ನಾ?" ಅಂದರು. ಉಂಡ ಅಂದೆ. ಅರ್ಧ ಲೀಟರಿನ ಪ್ಯಾಕೆಟ್ ಎಣಿಸುತ್ತಿದ್ದ ಕೈ ನಿಲ್ಲಿಸದೆ, "ಸರಿ ಬುಡು" ಅಂದರು.