ಮಗಳಿಗೊಂದು ಪತ್ರ: ನಿನ್ನ ಕ್ಯಾಂಪಸ್ಸಿನ ಜೋಳದ ಹೊಲ

ಪುಟ್ಟಾ,

ನಿಮ್ಮಮ್ಮ ಇವತ್ತು ಅಮೆರಿಕಾ ಫೋಟೋ ತೋರಿಸ್ತೀನಿ ಅಂತ ಪಕ್ಕದ್ಮನೆಯವರನ್ನ ಕೂರಿಸ್ಕೊಂಡು ನನ್ನ ಫೋನ್ ತೆಗೆದ್ಲು, ನೋಡಿದ್ರೆ ಒಂದಾದ್ಮೇಲೊಂದು ಬರೀ ಜೋಳದ ಗಿಡ. ಎಣಿಸಿದ್ಲಂತೆ, 43 ಫೋಟೋ. ಲಕ್ಷಗಟ್ಟಲೆ ಸುರಿದು ಅಷ್ಟು ದೂರ ಹೋಗಿ ಮುಸುಕಿನ ಜೋಳದ ಫೋಟೋ ಹೊಡ್ಕೊಂಡು ಬಂದಿದಾರೆ, ನಮ್ಮ ಮಂಡ್ಯದಲ್ಲಿ ಇರ್ಲಿಲ್ವಾ ಅಂತ ಅವರ ಮುಂದೇನೇ ಶುರು ಹಚ್ಕೊಂಡ್ಲು. ನೀನೂ ಅವತ್ತು ಸ್ವಲ್ಪ ಮುಖ ಸಣ್ಣ ಮಾಡ್ಕೊಂಡಿದ್ದೆ ಬಿಡು, ನಂಗೆ ಗೊತ್ತಾಯ್ತು. ಆಲ್ಮಾ ಮೇಟರ್ ಪ್ರತಿಮೆ ಹತ್ರ ನಿನ್ನ ಫ್ರೆಂಡ್ಸೆಲ್ಲ ಕಾಯ್ತಿದ್ರು, ನಿಮ್ಮಪ್ಪ ಇಲ್ಲಿ ಹೊಲದ ಅಂಚಲ್ಲಿ ಕುಕ್ಕರುಗಾಲಲ್ಲಿ ಕೂತು ಗರಿ ನೋಡ್ತಾ ಇದ್ದ. ಅವತ್ತು ಹೇಳಕ್ಕಾಗ್ಲಿಲ್ಲ, ಅದಕ್ಕೆ ಈಗ ಟೈಪ್ ಮಾಡ್ತಿದೀನಿ, ಪುರುಸೊತ್ತಾದಾಗ ಓದ್ಕೋ.

ನಿಜ ಹೇಳ್ಬೇಕಂದ್ರೆ ನಂಗೆ ಮೊದಲ ದಿನ ನಿಮ್ಮ ಇಲಿನಾಯ್ ಯೂನಿವರ್ಸಿಟಿ ಒಗ್ಗಲೇ ಇಲ್ಲ. ಪಬ್ಲಿಕ್ ಅಂದ್ರೆ ಸರ್ಕಾರಿ ಕಾಲೇಜು ತಾನೆ, ಫೀಸು ಕಮ್ಮಿ ಇರತ್ತೆ ಅಂದ್ಕೊಂಡೇ ನಾನು ಹೂಂ ಅಂದಿದ್ದು, ಆಮೇಲೆ ಗೊತ್ತಾಯ್ತು ಆ ಕಮ್ಮಿ ಫೀಸು ಆ ರಾಜ್ಯದ ಮಕ್ಕಳಿಗೆ, ನಮಗಲ್ಲ ಅಂತ. ಊರಿನ ಹೆಸರು ಬೇರೆ ಶಾಂಪೇನ್. ನಿಮ್ಮ ದೊಡ್ಡಪ್ಪ ಇವತ್ತಿಗೂ ಎಲ್ಲರ ಮುಂದೆ ಅದನ್ನೇ ಹೇಳಿ ನಗ್ತಾರೆ. ಸೀಬೆಲ್ ಸೆಂಟರ್ ಒಳಗೆ ಕರ್ಕೊಂಡು ಹೋಗಿ ಕಂಪ್ಯೂಟರು, ಲ್ಯಾಬು ಎಲ್ಲಾ ತೋರಿಸ್ದೆ, ಇಂಟರ್ನೆಟ್ ನೋಡೋ ಮೊಸಾಯಿಕ್ ಬ್ರೌಸರ್ 1993ರಲ್ಲಿ ಇದೇ ಕ್ಯಾಂಪಸ್ಸಲ್ಲಿ ಹುಟ್ಟಿದ್ದು ಅಂದೆ, ನಾನು ತಲೆ ಆಡಿಸ್ತಾ ಬಂದೆ ಅಷ್ಟೆ. ಕೃಷಿ ಇಲಾಖೆಲಿ ಮೂವತ್ತು ವರ್ಷ ಬಿತ್ತನೆ ಬೀಜ, ಗೊಬ್ಬರದ ಲೆಕ್ಕ ಬರೆದೋನಿಗೆ ಅಲ್ಲೇನು ಕೆಲಸ ಅನ್ನಿಸ್ತಿತ್ತು.

ಆಮೇಲೆ ಗ್ರೆಗರಿ ಡ್ರೈವ್ ರೋಡಲ್ಲಿ ನಡ್ಕೊಂಡು ಬರ್ತಾ ಇದ್ವಲ್ಲ, ಸುತ್ತ ಇಟ್ಟಿಗೆ ಬಿಲ್ಡಿಂಗು, ನಡುವೆ ಇದ್ದಕ್ಕಿದ್ದಂಗೆ ಜೋಳದ ಹೊಲ. ಬೋರ್ಡ್ ಓದಿದೆ, ಮಾರೋ ಪ್ಲಾಟ್ಸ್. ಮೈ ಜುಮ್ ಅಂತು ಕಣೇ. ಹೆಬ್ಬಾಳದಲ್ಲಿ ಬಿಎಸ್ಸಿ ಆಗ್ರಿ ಮಾಡುವಾಗ ಸಾಯಿಲ್ ಸೈನ್ಸ್ ಮೇಷ್ಟ್ರು ಬೋರ್ಡ್ ಮೇಲೆ ಬರೆದಿದ್ದ ಹೆಸರು ಅದು, ಪರೀಕ್ಷೆಗೆ ಬಾಯಿಪಾಠ ಮಾಡಿದ್ದು. 1876ರಿಂದ ಅದೇ ನೆಲದಲ್ಲಿ ಪ್ರಯೋಗ ನಡೀತಾ ಇದೆ, ಅಮೆರಿಕಾದಲ್ಲಿ ಅದಕ್ಕಿಂತ ಹಳೇ ಪ್ರಯೋಗದ ತಾಕು ಇನ್ನೊಂದಿಲ್ಲ, ಇಂಗ್ಲೆಂಡಿನ ರಾಥಮ್‌ಸ್ಟೆಡ್ ಬಿಟ್ರೆ ಪ್ರಪಂಚದಲ್ಲಿ ಇದೇ. ಮೊದಲು ಹತ್ತು ತಾಕು ಇತ್ತಂತೆ, ಬಿಲ್ಡಿಂಗು ಬರ್ತಾ ಬರ್ತಾ ಈಗ ಮೂರು ಉಳಿದಿದೆ. ಒಂದರಲ್ಲಿ ಪ್ರತಿ ವರ್ಷ ಬರೀ ಜೋಳ, ಇನ್ನೊಂದರಲ್ಲಿ ಜೋಳ ಆದ್ಮೇಲೆ ಸೋಯಾ, ಮೂರನೇದ್ರಲ್ಲಿ ಜೋಳ, ಓಟ್ಸ್, ಆಮೇಲೆ ಮೇವಿನ ಬೆಳೆ. ಅದರಲ್ಲೂ ಕೆಲವು ಕಡೆ ಶುರುವಿಂದ ಇವತ್ತಿನವರೆಗೆ ಒಂದು ಹಿಡಿ ಗೊಬ್ಬರ ಹಾಕಿಲ್ಲ.

ನಾನು ಕೂತು ನೋಡ್ತಿದ್ದಿದ್ದು ಅದನ್ನೇ. ಗೊಬ್ಬರ ಬಿದ್ದಿರೋ ಕಡೆ ಗಿಡ ನನ್ನ ತಲೆ ಮೇಲೆ ಹೋಗಿತ್ತು, ಗರಿ ಕಡುಹಸಿರು. ನಾಲ್ಕು ಹೆಜ್ಜೆ ಆಚೆ, ಬರೀ ಜೋಳ, ಗೊಬ್ಬರ ಇಲ್ಲದ ಜಾಗದಲ್ಲಿ ಗಿಡ ಕುಳ್ಳು, ಕೆಳಗಿನ ಗರಿ ತುದಿಯಿಂದ ನಡುದಿಂಡಿನ ಉದ್ದಕ್ಕೂ ವಿ ಆಕಾರದಲ್ಲಿ ಹಳದಿ ತಿರುಗಿತ್ತು, ಸಾರಜನಕ ಕಮ್ಮಿ ಆದ್ರೆ ಹಂಗೇ ಆಗೋದು, ಎಷ್ಟು ರೈತರ ಹೊಲದಲ್ಲಿ ನಿಂತು ಇದನ್ನೇ ಹೇಳಿದೀನಿ ಲೆಕ್ಕವಿಲ್ಲ. ಅದು ಆ ಸೀಮೆಯ ಕಪ್ಪು ಮಣ್ಣು ಬೇರೆ, ಎದೆಮಟ್ಟ ಹುಲ್ಲು ಸಾವಿರಾರು ವರ್ಷ ಬೆಳೆದು ಕೊಳೆತು ಆಗಿರೋದು, ಮೊದಲು ಜೌಗು, ಅಡಿಯಲ್ಲಿ ಮಣ್ಣಿನ ಕೊಳವೆ ಹೂತು ನೀರು ಬಸಿದ ಮೇಲೇ ಉತ್ತಿದ್ದು. ಅಂಥಾ ಮಣ್ಣೂ ಕೂಡ ಬರೀ ತಗೋತಾನೇ ಇದ್ರೆ ಸೋತು ಹೋಗತ್ತೆ ಅನ್ನೋದು ಕಣ್ಣೆದುರಿಗೇ ಇತ್ತು.

ಆಮೇಲೆ ಅದರ ಪಕ್ಕದ ಲೈಬ್ರರಿ ಕಥೆ. ಅಂಡರ್‌ಗ್ರಾಜುಯೇಟ್ ಲೈಬ್ರರಿನ 1969ರಲ್ಲಿ ನೆಲದೊಳಗೆ ಎರಡು ಅಂತಸ್ತು ಕೆಳಗೆ ಕಟ್ಟಿದಾರೆ, ಯಾಕಪ್ಪ ಅಂದ್ರೆ ಮೇಲೆ ಕಟ್ಟಿದ್ರೆ ಅದರ ನೆರಳು ಜೋಳದ ಮೇಲೆ ಬಿದ್ದು ಪ್ರಯೋಗ ಕೆಡತ್ತೆ ಅಂತ. ಈಗ ಅದು ಹಳೇ ದಾಖಲೆ ಇಡೋ ಜಾಗ ಆಗ್ತಿದೆ ಅಂದೆ ನೀನು, ಇರ್ಲಿ. ಅರ್ಧ ಎಕರೆ ಲೆಕ್ಕದ ಹೊಲಕ್ಕೋಸ್ಕರ ಲೈಬ್ರರಿನೇ ನೆಲದಡಿಗೆ ಇಳಿಸ್ತಾರಾ! ನಮ್ಮಲ್ಲಿ ನಾನು ನೋಡಿದ ಒಂದು ಬೀಜದ ಫಾರಂನಲ್ಲಿ ಹದಿನೆಂಟು ವರ್ಷ ನಡೆದಿದ್ದ ತಾಕಿನ ಮೇಲೆ ಯಾರದೋ ಸಮಾರಂಭಕ್ಕೆ ಶಾಮಿಯಾನ ಹಾಕಿ ಕಾರು ನಿಲ್ಲಿಸಿದ್ರು, ಅವತ್ತು ನಾನು ಊಟ ಮಾಡ್ದೆ ಬಂದಿದ್ದೆ, ನಿಮ್ಮಮ್ಮನ್ನ ಕೇಳು.

ಊರಿಗೆ ಬಂದ ಮೇಲೆ ಒಂದಷ್ಟು ಓದಿದೆ. ನಿಮ್ಮ ಯೂನಿವರ್ಸಿಟಿ ಹುಟ್ಟಿದ್ದೇ ರೈತರ, ಕೂಲಿ ಮಾಡೋರ ಮಕ್ಕಳಿಗೆ. 1862ರಲ್ಲಿ ಲಿಂಕನ್ ಸಹಿ ಹಾಕಿದ ಮಾರಿಲ್ ಕಾಯ್ದೆ ಪ್ರಕಾರ ಪ್ರತಿ ರಾಜ್ಯಕ್ಕೂ ಅಲ್ಲಿನ ಒಬ್ಬೊಬ್ಬ ಎಂಪಿ ಲೆಕ್ಕಕ್ಕೆ 30,000 ಎಕರೆ ಸರ್ಕಾರಿ ಜಮೀನು, ಅದನ್ನ ಮಾರಿ ಕೃಷಿ, ಕೈಗಾರಿಕೆ ಕಲಿಸೋ ಕಾಲೇಜು ನಡೆಸ್ಬೇಕು. ಇಲಿನಾಯ್‌ಗೆ 4,80,000 ಎಕರೆ ಬಂತು. ಸರ್ಕಾರಿ ಜಮೀನು ಅಂತ ಬರೆದಿದಾರೆ, ಅದು ಯಾರಿಂದ ಕಿತ್ಕೊಂಡಿದ್ದು ಅಂತಾನೂ ಬರೀಬೇಕಿತ್ತು, ಮೂಲನಿವಾಸಿಗಳದ್ದು ತಾನೆ. 1868ರ ಮಾರ್ಚಲ್ಲಿ ಸುಮಾರು ಐವತ್ತು ಹುಡುಗರು, ಒಂದೇ ಬಿಲ್ಡಿಂಗು, ಅದಕ್ಕೆ ಜನ ಇಟ್ಟ ಹೆಸರು ಆನೆ. ಶುರುವಲ್ಲಿ ಹುಡುಗರು ಓದಿನ ಜೊತೆ ಮೈಬಗ್ಗಿಸಿ ಕೆಲಸಾನೂ ಮಾಡ್ಬೇಕಿತ್ತು. ನಿಮ್ಮ ಹೆಣ್ಮಕ್ಕಳಿಗೆ 1870ರಲ್ಲಿ ಬಾಗಿಲು ತೆಗೆದ್ರು. ಮೊದಲ ಹೆಸರು ಇಲಿನಾಯ್ ಇಂಡಸ್ಟ್ರಿಯಲ್ ಯೂನಿವರ್ಸಿಟಿ, ಆಗ ಇಂಡಸ್ಟ್ರಿಯಲ್ ಸ್ಕೂಲ್ ಅಂದ್ರೆ ದಾರಿ ತಪ್ಪಿದ ಮಕ್ಕಳನ್ನ ಹಾಕೋ ಜಾಗ ಅಂತ ಜನ ತಿಳ್ಕೊಳ್ತಿದ್ರಂತೆ, ಓದೋರಿಗೆ ಅವಮಾನ, ಕಡೆಗೆ 1885ರಲ್ಲಿ ಆ ಪದ ಕಿತ್ತು ಹಾಕಿದ್ರು. ನಮಗೂ ಹೆಬ್ಬಾಳದಲ್ಲಿ ಹಂಗೇ, ಮಣ್ಣು ಹೊರೋಕೆ ಡಿಗ್ರಿ ಬೇಕಾ ಅಂತ ನೆಂಟರೆಲ್ಲ ನಗೋರು.

ಹೆಬ್ಬಾಳ ಅಂದೆನಲ್ಲ, ನಾನು ಓದಿದ ಕೃಷಿ ವಿಶ್ವವಿದ್ಯಾಲಯನೂ 1964ರಲ್ಲಿ ಇದೇ ಲ್ಯಾಂಡ್ ಗ್ರಾಂಟ್, ಅಂದ್ರೆ ಹಂಗೆ ಸರ್ಕಾರಿ ಜಮೀನಿನ ದುಡ್ಡಲ್ಲಿ ನಡೆದ ಕಾಲೇಜುಗಳ ಮಾದರಿಲಿ ಕಟ್ಟಿದ್ದು, ನಮಗೆ ಸಹಾಯಕ್ಕೆ ಬಂದಿದ್ದು ಟೆನೆಸಿ ಯೂನಿವರ್ಸಿಟಿಯವರು. ಉತ್ತರದ ಪಂತ್‌ನಗರದ ಕೃಷಿ ವಿಶ್ವವಿದ್ಯಾಲಯಕ್ಕೆ ಬಂದಿದ್ದೇ ನಿಮ್ಮ ಇಲಿನಾಯ್‌ನವರು, 1960ರಲ್ಲಿ. ಪಾಠ, ಸಂಶೋಧನೆ, ರೈತರ ಮನೆ ಬಾಗಿಲಿಗೆ ಹೋಗೋದು, ಈ ಮೂರೂ ಒಂದೇ ಸೂರಿನಡಿ ಇರ್ಬೇಕು ಅನ್ನೋ ಐಡಿಯಾ ಆ ಕಡೆಯಿಂದ ಬಂದಿದ್ದು. ಹಂಗೆ ನೋಡಿದ್ರೆ ನಾವಿಬ್ರೂ ಒಂದೇ ಮನೆತನದ ಕಾಲೇಜಲ್ಲಿ ಓದಿದೋರು, ನೀನು ಕಂಪ್ಯೂಟರ್ ಕುಟ್ಟಿದ್ರೂ ಸರಿ.

ಮಿಕ್ಕಿದ್ದೆಲ್ಲ ನಿಮ್ಮಮ್ಮನ ಫೋನಲ್ಲಿದೆ. ಶನಿವಾರ ಮೆಮೋರಿಯಲ್ ಸ್ಟೇಡಿಯಂ ಹತ್ರ ಎಲ್ಲಾ ಕಿತ್ತಳೆ ಬಣ್ಣದ ಶರ್ಟ್ ಹಾಕ್ಕೊಂಡು ಕಾರ್ ಡಿಕ್ಕಿ ತೆಗೆದು ಅಲ್ಲೇ ಒಲೆ ಹಚ್ಚಿ ಅಡಿಗೆ ಮಾಡ್ತಿದ್ದಿದ್ದು ಅವಳಿಗೆ ಭಾರಿ ಇಷ್ಟ ಆಯ್ತು, ಥೇಟ್ ನಮ್ಮ ಜಾತ್ರೆ ಅಂತಾಳೆ. ಅವರ ಫುಟ್‌ಬಾಲ್ ಆಟ ಮಾತ್ರ ನಮ್ಮಿಬ್ಬರಿಗೂ ತಲೆಬುಡ ಗೊತ್ತಾಗ್ಲಿಲ್ಲ. ಬಾರ್ಡೀನ್ ಅನ್ನೋ ಪ್ರೊಫೆಸರ್ ಕಥೆ ಅವಳಿಗೆ ಇನ್ನೂ ಇಷ್ಟ, ಭೌತಶಾಸ್ತ್ರಕ್ಕೆ ಎರಡು ಸಲ ನೊಬೆಲ್ ತಗೊಂಡೋರು ಅವರೊಬ್ಬರೇ, 1956ರಲ್ಲಿ ಮೊದಲನೇದು ಬಂದ ಸುದ್ದಿ ರೇಡಿಯೋದಲ್ಲಿ ಕೇಳಿದಾಗ ಬೆಳಿಗ್ಗೆ ತಿಂಡಿಗೆ ಮೊಟ್ಟೆ ಬುರ್ಜಿ ಮಾಡ್ತಿದ್ರಂತೆ, ಬಾಣಲಿ ಕೈಜಾರಿ ಬಿತ್ತಂತೆ. ನೊಬೆಲ್ ಬಂದೋರೇ ಅಡಿಗೆ ಮಾಡ್ತಿದ್ರು ಅಂತ ಅವತ್ತಿಂದ ನಂಗೆ ದಿನಾ ಮಂಗಳಾರತಿ.

ದಕ್ಷಿಣದ ಕಡೆಯಿಂದ ಗಾಳಿ ಬೀಸಿದ್ರೆ ಸಗಣಿ ವಾಸನೆ ಅಂತ ನಿನ್ನ ರೂಮ್‌ಮೇಟ್ ಮೂಗು ಮುಚ್ಕೊಂಡ್ಲು, ನಿಮ್ಮ ಯೂನಿವರ್ಸಿಟಿ ಫಾರಂನ ದನಗಳು ಪಾಪ. ನೀನು ಮುಚ್ಕೊಳ್ಳಲಿಲ್ಲ, ನೋಡ್ದೆ.

ಹುಣಸೆಹಣ್ಣು, ಹುರುಳಿಕಾಳು ಪಾರ್ಸೆಲ್ ಹಾಕಿದೀವಿ, ಚಳಿಗೆ ಮುಂಚೆ ಆ ಜಾಕೆಟ್ ಜಿಪ್ ಸರಿ ಮಾಡಿಸ್ಕೋ. ಇನ್ನೊಂದು ಕೆಲಸ, ಬರೋ ಆಗಸ್ಟಲ್ಲಿ ಆ ಕಡೆ ಹೋದಾಗ ಗೊಬ್ಬರ ಹಾಕದೇ ಇರೋ ಸಾಲಿನದ್ದು ಒಂದು ಫೋಟೋ, ಹಾಕಿರೋ ಸಾಲಿನದ್ದು ಒಂದು ಫೋಟೋ ಕಳ್ಸು. ಎರಡ್ರಲ್ಲೂ ಪಕ್ಕದಲ್ಲಿ ನೀನು ನಿಂತ್ಕೋ, ಎತ್ತರ ಗೊತ್ತಾಗ್ಲಿ.

ಅಪ್ಪ