ಬಾಗಿಲಿಗೆ ಒಂದು ತಂಬಿಗೆ ನೀರು ಹಾಕಿ ನೋಡು

ಹುಬ್ಬಳ್ಳಿ

ಪ್ರೀತಿಯ ದೋಸ್ತ,

ನೀನು ಕಳಿಸಿದ ಫೋಟೊ ನಾಲ್ಕೈದು ಸಲ ನೋಡಿದೆ. ದೊಡ್ಡದು ಮಾಡಿ ಮಾಡಿ ನೋಡಿದೆ. ನಿನ್ನ ಕೈಯಲ್ಲಿ ಸ್ಕ್ರೇಪರ್, ಅಂಗಿ ತುಂಬ ಬಣ್ಣದ ಪುಡಿ, ಹಿಂದೆ ಕಟ್ಟಿಗೆಯ ರೈಲು ಡಬ್ಬಿಯ ಬಾಗಿಲು. ಗದಗ ರೋಡಿನ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಗೋಲಿ ಆಡಿದ ಹುಡುಗ ಈ ವಯಸ್ಸಿನಲ್ಲಿ ಇಂಗ್ಲೆಂಡಿನ ಇಂಗ್ರೋ ಅನ್ನುವ ಊರಿಗೆ ಶನಿವಾರ ಶನಿವಾರ ಹೋಗಿ, ಒಂದು ಪೈಸೆ ತಗೊಳ್ಳದೆ ಹಳೆ ರೈಲು ಡಬ್ಬಿ ಕೆರೆಯುತ್ತಾನೆ ಅಂದರೆ ನನಗೆ ಎಷ್ಟು ಖುಷಿ ಆಗಬೇಡ ಹೇಳು.

ಮೊದಲು ಒಂದು ಬೈಗುಳ. ಮುಖಕ್ಕೆ ಮಾಸ್ಕ್ ಯಾಕೆ ಹಾಕಿಕೊಂಡಿಲ್ಲ? ಹಳೆ ಕಾಲದ ಬಣ್ಣದಲ್ಲಿ ಸೀಸ ಇರುತ್ತದೆ. ಒಣ ಬಣ್ಣವನ್ನು ಸುಮ್ನೆ ಉಜ್ಜಿದರೆ ಆ ಪುಡಿ ಎಲ್ಲಾ ಎದೆಗೆ ಇಳಿಯುತ್ತದೆ. ಪಾಲಿಶ್ ಪೇಪರ್ ಹಿಡಿಯುವುದಾದರೆ ನೀರು ಹಚ್ಚಿಕೊಂಡು ಉಜ್ಜು. ನಾವು ಹುಡುಗರಾಗಿದ್ದಾಗ ಇದನ್ನು ಹೇಳುವವರು ಯಾರೂ ಇರಲಿಲ್ಲ. ನಿನಗೆ ನಾನಿದ್ದೇನೆ.

ನಿಮ್ಮಲ್ಲಿರುವ ಆ 1876ರ ಡಬ್ಬಿಯ ವಿಷಯ ಓದಿ ದಂಗಾದೆ. ಮ್ಯಾಂಚೆಸ್ಟರ್, ಶೆಫೀಲ್ಡ್ ಅಂಡ್ ಲಿಂಕನ್‌ಶೈರ್ ರೈಲ್ವೆಯದು ಅಂದೆ. ನಮ್ಮ ಹುಬ್ಬಳ್ಳಿ ವರ್ಕ್‌ಶಾಪ್ ಶುರುವಾಗಿದ್ದೇ 1885ರಲ್ಲಿ, ಸದರ್ನ್ ಮರಾಠಾ ರೈಲ್ವೆ ಕಾಲದಲ್ಲಿ. ಅದಕ್ಕಿಂತ ಒಂಬತ್ತು ವರ್ಷ ಮುಂಚಿನ ಕಟ್ಟಿಗೆ ಇನ್ನೂ ನಿಂತಿದೆ! ಆ ದೇಶದಲ್ಲಿ ಹಳೆ ಡಬ್ಬಿಗಳನ್ನು ಗಾಲಿ ಕಳಚಿ ರೈತರಿಗೆ ಮಾರುತ್ತಿದ್ದರಂತೆ, ಎಷ್ಟೋ ಡಬ್ಬಿ ಮನೆಯಾದವು, ಕೋಳಿ ಗೂಡಾದವು ಅಂತ ಬರೆದಿದ್ದೀಯ. ನನಗೆ ಅದು ಬೇಜಾರಿನ ಸುದ್ದಿ ಅನ್ನಿಸಲಿಲ್ಲ. ಕೋಳಿ ಗೂಡಿಗೂ ಮೇಲೊಂದು ತಗಡು ಹೊದಿಸುತ್ತಾರೆ, ಅಲ್ವಾ? ಮೇಲಿನಿಂದ ನೀರು ಬೀಳದಿದ್ದರೆ ಕಟ್ಟಿಗೆ ಬದುಕುತ್ತದೆ.

ನಮ್ಮ ಕಡೆ ಆ ಅದೃಷ್ಟ ಕಡಿಮೆ. 90ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತಲ್ಲ, ಆಗ ಒಂದು ಮೀಟರ್ ಅಗಲದ ಹಳಿ ಮೇಲೆ ಓಡುತ್ತಿದ್ದ ಡಬ್ಬಿಗಳಿಗೆ ಕೆಲಸವೇ ಇಲ್ಲದಂತಾಯಿತು. ಒಂದು ಯಾರ್ಡಿನಲ್ಲಿ ಸಾಗವಾನಿ ಕಿಟಕಿಗಳನ್ನು ಉರುವಲಿನ ಹಾಗೆ ರಾಶಿ ಹಾಕಿದ್ದನ್ನು ಕಣ್ಣಾರೆ ನೋಡಿದ್ದೇನೆ. ಕಬ್ಬಿಣ ತೂಕಕ್ಕೆ ಹೋಯಿತು, ಕಟ್ಟಿಗೆ ಸಿಕ್ಕವರ ಪಾಲಾಯಿತು. ಹರಾಜಿನವನ ಹತ್ತಿರ ದುಡ್ಡು ಕೊಟ್ಟು ಒಂದೇ ಒಂದು ಜಾಲರಿ ಕಿಟಕಿ ತಂದೆ. ಅದು ಈಗಲೂ ನಮ್ಮ ಅಡುಗೆಮನೆ ಗೋಡೆಯಲ್ಲಿದೆ. ಹೋದ ತಿಂಗಳು ಮೊಮ್ಮಗನನ್ನು ಕೂರಿಸಿಕೊಂಡು ಅದರ ಬಣ್ಣ ತೆಗೆದೆ. ಮೇಲೆ ನಾವು ಹಚ್ಚಿದ ಹಸಿರು, ಅದರ ಕೆಳಗೆ ಕಂದು, ಅದರ ಕೆಳಗೆ ಇನ್ನೊಂದು ಕಂದು, ಕಟ್ಟಕಡೆಗೆ ಸಾಗವಾನಿ. ಉಳಿ ತಾಗಿದ ಕಡೆ ಎಣ್ಣೆಯ ವಾಸನೆ ಹಾಗೇ ಬಂತು. ಹುಡುಗ ಮೂಗು ಇಟ್ಟು ಮೂಸಿ ಮೂಸಿ ನೋಡಿದ.

ಅದಕ್ಕೇ ಹೇಳುತ್ತೇನೆ, ಎಲ್ಲಾ ಬಣ್ಣ ಕೆರೆದು ಹಾಕಬೇಡಿ. ಯಾರಿಗೂ ಕಾಣದ ಒಂದು ಮೂಲೆಯಲ್ಲಿ ಅಂಗೈ ಅಗಲದಷ್ಟು ಜಾಗ ಬಿಡಿ. ಬಣ್ಣದ ಪದರಗಳೆಲ್ಲ ಅಲ್ಲಿ ಮೆಟ್ಟಿಲಿನ ಹಾಗೆ ಕಾಣಬೇಕು. ಮೂರನೇ ದರ್ಜೆ ಅಂತ ಬರೆದ ಅಕ್ಷರ ಅಡಿಯಲ್ಲಿ ಸಿಕ್ಕರಂತೂ ಮುಟ್ಟಬೇಡಿ. ನಿಮ್ಮಲ್ಲಿ ಮೂರನೇ ದರ್ಜೆ 1956ಕ್ಕೆ ಹೋಯಿತು, ನಮ್ಮಲ್ಲಿ 1974ಕ್ಕೆ. ನಿನ್ನಪ್ಪ, ನಮ್ಮಪ್ಪ ಇಬ್ಬರೂ ಮನೆಮಂದಿಯನ್ನು ಕರೆದುಕೊಂಡು ಪಂಢರಪುರಕ್ಕೆ ಹೋಗಿದ್ದು ಅದರಲ್ಲೇ. ಆ ಹಲಗೆ ಸೀಟು ನೆನಪಿದೆಯಾ? ನೀನು ನಿದ್ದೆ ಹೋಗಿ ಕೆಳಗೆ ಬಿದ್ದಿದ್ದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಬಾಗಿಲಿನ ಕೆಳಗಿನ ಪಟ್ಟಿ ಕೊಳೆತು ಲಡ್ಡಾಗಿದೆ, ಹೊಸ ತುಂಡು ಕೂರಿಸಿ ಪುಟ್ಟಿ ಹಚ್ಚುತ್ತೇವೆ ಅಂದಿದ್ದೀಯ. ತಡಿ. ಅದು ಯಾಕೆ ಲಡ್ಡಾಯಿತು ಅಂತ ನೋಡಿದ್ದೀರಾ?

1979ರಲ್ಲಿ ನಾನು ಅಪ್ರೆಂಟಿಸ್. ನನಗೆ ಒಂದು ಹಳೆ ಡಬ್ಬಿಯ ಬಾಗಿಲು ಕೊಟ್ಟರು. ಕಿಟಕಿ ಗಾಜು ಕೆಳಗಿಳಿದು ಬಾಗಿಲಿನ ಹೊಟ್ಟೆಯೊಳಗೆ ಕೂರುವಂಥದ್ದು. ಬಾಗಿಲಿನ ಅಡಿಯಲ್ಲಿ ಎರಡು ಸಣ್ಣ ತೂತು ಕಂಡವು. ಹುಳ ಕೊರೆದಿದೆ ಅಂದುಕೊಂಡು ಚಂದಾಗಿ ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಹೊಡೆದೆ. ಕನ್ನಡಿ ಹಾಗೆ ಹೊಳೆಯುತ್ತಿತ್ತು. ಮೇಸ್ತ್ರಿ ಬಂದರು. ಏನೂ ಮಾತಾಡಲಿಲ್ಲ. ತಂಬಿಗೆ ತುಂಬ ನೀರು ತಂದು ಕಿಟಕಿ ಸಂದಿಯಲ್ಲಿ ಸುರಿದರು. ಬಗ್ಗಿ ಕೆಳಗೆ ನೋಡಿದರು. ಒಂದು ಹನಿಯೂ ಬೀಳಲಿಲ್ಲ. ‘ನೀರು ಎಲ್ಲಿ ಹೋಯ್ತೋ?’ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾಗಿಲು ಪೂರ್ತಿ ಬಿಚ್ಚಿಸಿದರು, ಒಣಗಿಸಲು ಹೇಳಿದರು, ಮತ್ತೆ ಕೂಡಿಸಲು ಹೇಳಿದರು. ಮೂರು ದಿನ ಹಿಡಿಯಿತು.

ಮಳೆ ನೀರು ಗಾಜಿನ ಮೇಲೆ ಇಳಿದು ಒಳಗೆ ಹೋಗೇ ಹೋಗುತ್ತದೆ, ಅದನ್ನು ತಡೆಯಲು ಆಗುವುದಿಲ್ಲ. ಹೊರಗೆ ಹೋಗಲು ದಾರಿ ಬೇಕು, ಅದೇ ಆ ತೂತು. ಕಸ, ಬೀಡಿ ತುಂಡು, ಒಡೆದ ಗಾಜಿನ ಚೂರು ಬಿದ್ದು ಅದು ಮುಚ್ಚಿಕೊಳ್ಳುತ್ತದೆ. ಆಮೇಲೆ ನೀರು ಅಲ್ಲೇ ನಿಂತು ಕಟ್ಟಿಗೆಯನ್ನು ಒಳಗಿಂದ ತಿನ್ನುತ್ತದೆ. ಹೊರಗೆ ಬಣ್ಣ ನೆಟ್ಟಗೇ ಇರುತ್ತದೆ. ದಬ್ಬಳ ಚುಚ್ಚಿದರೆ ಬೆಣ್ಣೆಗೆ ಚುಚ್ಚಿದ ಹಾಗೆ ಇಳಿಯುತ್ತದೆ. ಉಕ್ಕಿನ ಡಬ್ಬಿಯಲ್ಲೂ ಇದೇ ಕಥೆ. ಸಂಡಾಸದ ಪಕ್ಕ, ಬಾಗಿಲಿನ ಬುಡ, ಅಲ್ಲೇ ಮೊದಲು ತುಕ್ಕು ಹಿಡಿಯುವುದು.

ಇನ್ನೊಂದು. ನಿಮ್ಮ ಕಡೆ ಓಕ್ ಕಟ್ಟಿಗೆ ಜಾಸ್ತಿ. ಅದಕ್ಕೆ ಕಬ್ಬಿಣದ ಸ್ಕ್ರೂ ಹಾಕಬೇಡಿ, ಸುತ್ತಲೂ ಕಪ್ಪಗಾಗಿ ಹಿಡಿತ ಬಿಡುತ್ತದೆ. ಹಿತ್ತಾಳೆಯದೇ ಹಾಕಿ.

ಇಲ್ಲಿಯ ಸುದ್ದಿ. ನಮ್ಮ ಸ್ಟೇಷನ್ನಿನ 1507 ಮೀಟರ್ ಪ್ಲಾಟ್‌ಫಾರ್ಮ್ ನೋಡಲು ಜನ ಬರುತ್ತಾರೆ, ನನಗೂ ಹೆಮ್ಮೆ. ಆದರೆ ನಾನು ಜಾಸ್ತಿ ಹೋಗುವುದು ಗದಗ ರೋಡ್ ಕಡೆಯ ರೈಲ್ವೆ ಮ್ಯೂಸಿಯಂಗೆ. 2020ರಲ್ಲಿ ತೆರೆದರು. ಮಲಪ್ರಭಾ, ಘಟಪ್ರಭಾ ಅಂತ 1907ರ ಎರಡು ಹಳೆ ಮನೆಗಳನ್ನೇ ಸರಿ ಮಾಡಿ ಮ್ಯೂಸಿಯಂ ಮಾಡಿದ್ದಾರೆ. ಮಕ್ಕಳು ಓಡಾಡುವುದನ್ನು ನೋಡುತ್ತಾ ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ನಾವು ನಾಲ್ಕು ಜನ ನಿವೃತ್ತರು ಸೇರಿ ಒಂದು ಅರ್ಜಿ ಬರೆಯುತ್ತಿದ್ದೇವೆ. ಸಂಬಳ ಬೇಡ, ಚಹಾನೂ ಬೇಡ. ಪ್ರತಿ ವರ್ಷ ಮಿರಗದ ಮಳೆಗೆ ಮುಂಚೆ ಬಂದು ಹಳೆ ಗಾಡಿಗಳ ಚಾವಣಿ, ಕಿಟಕಿ ಸಂದಿ, ತೂತು ನೋಡಿ, ಕಸ ತೆಗೆದು, ಎಣ್ಣೆ ಹಾಕಿ ಹೋಗುತ್ತೇವೆ ಅಂತ. ಹುಡುಗರು ಬಂದರೆ ಕಲಿಸುತ್ತೇವೆ. ನಮ್ಮ ಕೈಗೆ ಗೊತ್ತಿರುವುದು ನಮ್ಮ ಜೊತೆಗೇ ಹೋಗಬಾರದು, ಅದೊಂದೇ ಆಸೆ.

ನಿನ್ನಿಂದ ಒಂದು ಉಪಕಾರ ಬೇಕು. ವೇಲ್ಸ್‌ನ ಟಾಲಿಹ್ಲಿನ್ ರೈಲ್ವೆಯನ್ನು 1951ರಿಂದ ಸ್ವಯಂಸೇವಕರೇ ನಡೆಸುತ್ತಿದ್ದಾರೆ ಅಂದೆಯಲ್ಲ. ಅಷ್ಟು ವರ್ಷ ಜನ ಬದಲಾದರೂ ಕೆಲಸ ನಿಲ್ಲದ ಹಾಗೆ ಹೇಗೆ ನೋಡಿಕೊಳ್ಳುತ್ತಾರೆ? ಇವತ್ತು ಯಾರು ಏನು ಮಾಡಿದರು ಅಂತ ಬರೆದಿಡುವ ಪುಸ್ತಕ ಇರುತ್ತದಾ? ನಿಮ್ಮದೂ ಇದ್ದರೆ ಒಂದು ಪುಟದ ಫೋಟೊ ಕಳಿಸು. ಅರ್ಜಿಯ ಜೊತೆ ಇಡುತ್ತೇನೆ.

ಧಾರವಾಡ ಪೇಢಾ ನಿನ್ನ ತಂಗಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಅದರ ಜೊತೆ ನಮ್ಮಪ್ಪನ ಸಣ್ಣ ಉಳಿಯೂ ಇದೆ. ಹರಿತ ಮಾಡಿದ್ದೇನೆ, ಬ್ಯಾಗಿನಲ್ಲಿ ಕೈ ಹಾಕುವಾಗ ಹುಷಾರು.

ಮುಂದಿನ ಶನಿವಾರ ಪುಟ್ಟಿ ಡಬ್ಬಿ ತೆರೆಯುವ ಮೊದಲು ಆ ಬಾಗಿಲಿನ ಕಿಟಕಿ ಸಂದಿಯಲ್ಲಿ ಒಂದು ತಂಬಿಗೆ ನೀರು ಹಾಕು. ಕೆಳಗೆ ಬರಲು ಎಷ್ಟು ಹೊತ್ತಾಯಿತು ಅಂತ ಬರೆ.

ನಿನ್ನ ದೋಸ್ತ